ಹಸಿರು ಶಾಲಿನ ಸೈಕಲ್ ಸವಾರಿ

ಸುರೇಖಾ ಐದನೇ ಕ್ಲಾಸಿನಲ್ಲಿದ್ದಾಗ ನಾನು ಅವಳಿಗೆ ಒಂದು ಮಾತು ಕೊಟ್ಟಿದ್ದೆ. ಬುಡ್ಡೇಸಾಬರ ಅಂಗಡಿಯ ಬಾಡಿಗೆ ಸೈಕಲ್ಲಿನಿಂದ ಬಿದ್ದು, ಮೊಣಕಾಲು ತರಚಿಕೊಂಡು, ಸಿಂಧನೂರಿನ ನಮ್ಮ ಓಣಿಯವರೆಲ್ಲ ಬಾಗಿಲಿಗೆ ಬಂದು ನಿಲ್ಲುವಂತೆ ಅಳುತ್ತಿದ್ದಳು. ಆ ಹೊತ್ತಿಗೆ ನನ್ನ ಕಿಸೆಯಲ್ಲಿ ಒಂದು ಪೆಪ್ಪರಮಿಂಟು ಇದ್ದಿದ್ದರೆ ಈ ಕತೆಯೇ ಹುಟ್ಟುತ್ತಿರಲಿಲ್ಲ. ಇರಲಿಲ್ಲವಾದ್ದರಿಂದ ಮಾತು ಕೊಟ್ಟೆ.

"ಅಳಬ್ಯಾಡ ಯವ್ವಾ. ನೀ ಸೈಕಲ್ ಕಲಿತ ಮ್ಯಾಲ ಇಬ್ರೂ ಕೂಡಿ ಲಿಂಗಸುಗೂರಿಗೆ ನಿಮ್ಮ ಅತ್ತಿ ಮನಿಗೆ ಹೋಗೂಣು. ಬಸ್ ಇಲ್ಲ, ಟಂಟಂ ಇಲ್ಲ. ನೀ ಒಂದ್ ಸೈಕಲ್, ನಾ ಒಂದ್ ಸೈಕಲ್."

ಅಳು ಅಲ್ಲಿಗೇ ನಿಂತಿತು. ಮಾತು ಕೊಟ್ಟವನು ಮನೆ ಮುಟ್ಟುವಷ್ಟರಲ್ಲಿ ಮರೆತ. ಇಸಿದುಕೊಂಡವಳು ಮರೆಯಲಿಲ್ಲ.

ನಾನು ಅಂಬಪ್ಪ, ಹಾಸ್ಟೆಲಿನ ಅಡುಗೆಯವನು. ಹಬ್ಬಕ್ಕೆ ಸಾಲೆಗೆ ರಜೆ ಇರುತ್ತದೆ, ಹುಡುಗರ ಹೊಟ್ಟೆಗೆ ಇರುವುದಿಲ್ಲ. ಪ್ರತಿ ಚಳಿಗಾಲ ಎಳ್ಳ ಅಮಾಸಿ ಹಬ್ಬ ಬಂದಾಗಲೂ ಸುರೇಖಾ ಕೇಳುವಳು, ಪ್ರತಿ ಚಳಿಗಾಲವೂ ನಾನು ಬರುವ ಚಳಿಗಾಲವನ್ನು ತೋರಿಸುವೆನು. ಹೀಗೆ ತೋರಿಸುತ್ತ ತೋರಿಸುತ್ತ ಹುಡುಗಿ ಡಿಗ್ರಿ ಮುಗಿಸಿ, ಓಟ ಓಡಿ, ಗುಂಡು ಎಸೆದು, ಪೊಲೀಸ್ ಕಾನ್‌ಸ್ಟೇಬಲ್ ಆಗಿ ಆಯ್ಕೆಯೇ ಆಗಿಬಿಟ್ಟಳು. ಬರುವ ಸೋಮವಾರ ಕಲಬುರಗಿಗೆ ಟ್ರೇನಿಂಗಿಗೆ ಹೋಗಬೇಕು. ಅಷ್ಟರೊಳಗೆ ಅವಳ ಹೆಸರಿನ ಮೇಲೆ ಯಾವ ಠಾಣೆಯಲ್ಲೂ ಒಂದು ಕೇಸು ಇರಕೂಡದು. ಇದ್ದರೆ ನೌಕರಿ ಹೋದಂತೆ.

ಈ ಸುದ್ದಿ ಕೇಳಿದಂದಿನಿಂದ ನನ್ನ ಹೆಂಡತಿ ಯಮನಮ್ಮ ಜಗಳ ಬಿಟ್ಟಳು. ಇಪ್ಪತ್ತು ವರ್ಷದಿಂದ ನಳದ ಮುಂದೆ ಅವಳ ಕೊಡವೇ ಮೊದಲು ಕೂಡುತ್ತಿತ್ತು. ಈಗ ಕೊನೆಗೆ ಕೂಡತೊಡಗಿತು. ಎದುರುಮನೆಯವರ ನಾಯಿ ನಮ್ಮ ಕೋಳಿಯನ್ನು ಕಚ್ಚಿಕೊಂಡು ಹೋದಾಗ, ತಿನ್ನಲಿ ಬಿಡ್ರಿ ಪಾಪ, ಎಂದಳು. ಇದನ್ನು ಕೇಳಿ ಎದುರುಮನೆಯವರೇ ಗಾಬರಿಯಾಗಿ, ಅಕ್ಕಾರಿಗೆ ಆರಾಮಿಲ್ಲೇನು ಎಂದು ವಿಚಾರಿಸಲು ಬಂದರು. ಸುರೇಖಾ ಮಾತ್ರ ಬೆಳಗಾದರೆ ಕನ್ನಡಿಯ ಮುಂದೆ ಸೆಲ್ಯೂಟ್ ಹೊಡೆಯುವಳು. ಕನ್ನಡಿ ಸಿಗದಿದ್ದರೆ ಹಾಲಿನವನಿಗೆ ಹೊಡೆಯುವಳು. ಅವನು ಅಂಜಿಕೊಂಡು ನೀರು ಬೆರೆಸುವುದನ್ನು ಕಮ್ಮಿ ಮಾಡಿದ.

ಎಳ್ಳ ಅಮಾಸಿಯ ಹಿಂದಿನ ದಿನ ಅವಳು ನನ್ನ ಮುಂದೆ ಬಂದು ನಿಂತಳು.

"ಯಪ್ಪಾ, ನಾ ಒಮ್ಮೆ ಡ್ಯೂಟಿಗೆ ಹೋದ್ರ ನನಗ ರಜಾ ಸಿಗಾದಿಲ್ಲ. ನಿನಗಂತೂ ಹುಟ್ಟಿದಾಗಿಂದ ಸಿಕ್ಕಿಲ್ಲ. ನಾಳೆ ಹೋದ್ರ ಹೋದ್ವಿ. ಇಲ್ಲಂದ್ರ ಇನ್ನ ಇಲ್ಲ."

ಮಗಳು ಸಿಟ್ಟು ಮಾಡಿದರೆ ಹೇಗಾದರೂ ತಪ್ಪಿಸಿಕೊಳ್ಳಬಹುದು. ಸುಮ್ಮನೆ ಹೇಳಿದರೆ ದಾರಿಯಿಲ್ಲ. ಹಾಸ್ಟೆಲಿನ ಒಲೆಯನ್ನು ಜೊತೆಯವನಿಗೆ ಒಪ್ಪಿಸಿದೆ. ಲಿಂಗಸುಗೂರಿನ ತಂಗಿ ಆದಮ್ಮನಿಗೆ ಫೋನು ಹಚ್ಚಿ, ಬೆಳೆಗೆ ಹಬ್ಬದ ಎಡೆ ಎರಚಿ ಚರಗ ಚೆಲ್ಲುವ ಹೊತ್ತಿಗೆ ನಿಮ್ಮ ಹೊಲದಲ್ಲಿರುತ್ತೇವೆ ಎಂದೆ. ಯಾವ ಬಸ್ಸಿಗೆ ಬರುತ್ತೀರಿ ಎಂದು ಅವಳು ಕೇಳಿದಳು. ಬಸ್ಸಿಗಲ್ಲ ಎಂದೆ. ಅವಳು ಅತ್ತಿಗೆಯ ಕೈಗೆ ಫೋನು ಕೊಡಲು ಹೇಳಿದಳು.

ಇಲ್ಲಿಯವರೆಗೆ ಎಲ್ಲ ನೆಟ್ಟಗಿತ್ತು. ಕೆಡಿಸಿದ್ದು ಶಾಲು.

ಹೋದ ವರ್ಷ ಸಿಂಧನೂರಿನಲ್ಲಿ ರೈತರ ದೊಡ್ಡ ಸಮಾವೇಶ ನಡೆದಾಗ ಅಡುಗೆ ಮಾಡಿದ್ದು ನಾವೇ. ಕೊನೆಗೆ ಸಂಘದವರು ಸಂತೋಷದಿಂದ ಅಡುಗೆಯವರಿಗೂ ಒಂದೊಂದು ಹಸಿರು ಶಾಲು ಹೊದಿಸಿದರು. ಜೀವಮಾನದಲ್ಲಿ ನನ್ನ ಹೆಗಲಿನ ಮೇಲೆ ಒರಸುವ ಅರಿವೆ ಬಿಟ್ಟು ಬೇರೇನೂ ಬಿದ್ದಿರಲಿಲ್ಲ. ಅದನ್ನು ಹೊದ್ದು ಒಮ್ಮೆ ಕಾಯಿಪಲ್ಲೆ ತರಲು ಹೋದಾಗ ಬಜಾರದ ಮಲೀಕಸಾಬ ಎದ್ದು ನಿಂತು, ಬರ್ರಿ ನಾಯಕರ, ಎಂದು ಬದನೆಕಾಯಿ ಆರಿಸಿ ಹಾಕಿದ್ದ. ಅಂದಿನಿಂದ ಆ ಶಾಲಿನ ಬಗ್ಗೆ ನನಗೆ ಬೇರೆಯೇ ಗೌರವ. ಹೊರಡುವ ನಸುಕಿನಲ್ಲಿ ಯಮನಮ್ಮ ಸ್ವೆಟರು ಮುಂದೆ ಹಿಡಿದಳು. ನಾನು ಸ್ವೆಟರು ಹಾಕಿಕೊಂಡೆ, ಅದರ ಮೇಲೆ ಶಾಲೂ ಹೊದ್ದೆ. ಥಂಡಿಗೆ ಸ್ವೆಟರೇ ಸಾಕಾಗಿತ್ತು. ಶಾಲು ಹೊದ್ದದ್ದು ಥಂಡಿಗಲ್ಲ ಎಂದು ಯಮನಮ್ಮನಿಗೂ ಗೊತ್ತು, ನನಗೂ ಗೊತ್ತು.

ಆಹಾ, ಆ ನಸುಕು. ಕಾಲುವೆಯ ನೀರಿನಿಂದ ಹೊಗೆ ಏಳುತ್ತಿತ್ತು. ಕೊಯ್ದ ಭತ್ತದ ಗದ್ದೆಗಳಲ್ಲಿ ಬೆಳ್ಳಕ್ಕಿಗಳು ಚಳಿಗೆ ಕುತ್ತಿಗೆ ಒಳಗೆಳೆದುಕೊಂಡು ನಿಂತಿದ್ದವು. ಮೂಗಿನ ತುದಿ ನನ್ನದೋ ಬೇರೆಯವರದೋ ತಿಳಿಯುತ್ತಿರಲಿಲ್ಲ. ಸುರೇಖಾ ಮುಂದೆ, ನಾನು ಹಿಂದೆ. ಅವಳು ಒಂದು ಕೈ ಬಿಟ್ಟು ಹೊಡೆದಳು, ಆಮೇಲೆ ಎರಡೂ ಕೈ ಬಿಟ್ಟಳು, ಹಿಂತಿರುಗಿ ನನ್ನ ಮುಖ ನೋಡಿ ನಕ್ಕಳು. ನಾನೂ ಒಂದು ಕೈ ಬಿಟ್ಟು ನೋಡಿದೆ, ಸೈಕಲ್ಲು ಒಪ್ಪಲಿಲ್ಲ. ಹೇಳಬಾರದು, ಆದರೂ ಹೇಳುತ್ತೇನೆ: ಹಾಡೂ ಹಾಡಿದೆ. ಎದುರಿಗೆ ಎತ್ತಿನ ಬಂಡಿಯಲ್ಲಿ ಬುಟ್ಟಿ ಇಟ್ಟುಕೊಂಡು ಹೊಲಕ್ಕೆ ಹೊರಟಿದ್ದವರ ಎತ್ತುಗಳು ನಿಂತವು.

ಗೊರೇಬಾಳದಲ್ಲಿ ಚಹಾಕ್ಕೆ ಇಳಿದೆವು. ಅಲ್ಲಿ ಬೆಂಕಿ ಕಾಯಿಸುತ್ತ ಕುಳಿತ ಹಿರಿಯರೊಬ್ಬರು ಮೊದಲು ಶಾಲು ನೋಡಿದರು, ಆಮೇಲೆ ಸೈಕಲ್ಲು ನೋಡಿದರು, ಕೊನೆಗೆ ನನ್ನನ್ನು ನೋಡಿದರು. ಎಲ್ಲಿಗೆ ಎಂದರು. ಲಿಂಗಸುಗೂರಿಗೆ ಎಂದೆ. ಸೈಕಲ್ಲಿನ ಮೇಲೆಯೇ ಎಂದರು. ಹೌದು ಎಂದೆ. ಯಾಕೆ ಎಂದರು.

ಈಗ ನೀವೇ ಹೇಳಿ. ಐವತ್ತು ಮುಟ್ಟಿದ ಗಂಡಸು, ಮೀಸೆಗೆ ಬಣ್ಣ ಹಚ್ಚಿಕೊಂಡವನು, ಹೆಗಲ ಮೇಲೆ ಹಸಿರು ಶಾಲು ಇದ್ದವನು, ಅಷ್ಟು ಮಂದಿಯ ಮುಂದೆ 'ಮಗಳು ಸಣ್ಣಾಕಿದ್ದಾಗ ಅಳಬಾರದಂತ ಹೇಳಿದ್ದೆ' ಎಂದು ಹೇಗೆ ಹೇಳುವುದು. ಎದೆ ಉಬ್ಬಿಸಿ ಒಂದೇ ಮಾತು ಹೇಳಿದೆ.

"ಕೊಟ್ಟ ಮಾತು ಉಳಿಸಾಕ್ರಿ."

ಬೆಂಕಿಯ ಸುತ್ತ ಕುಳಿತವರು ಒಬ್ಬರ ಮುಖ ಒಬ್ಬರು ನೋಡಿದರು. ನನಗೆ ತಿಳಿಯದೆ ಇದ್ದದ್ದು ಇಷ್ಟು: ಎರಡನೇ ಬೆಳೆಗೆ ಕಾಲುವೆಯ ನೀರು ಬಿಡುವ ಮಾತು ಆ ವಾರವಿಡೀ ಕುದಿಯುತ್ತಿತ್ತು. ನೀರು ಗೊರೇಬಾಳದಂಥ ಮೇಲಿನ ಊರಿನವರಿಗೆ ಸಿಗುತ್ತದೆ, ಮಸ್ಕಿಯ ಕಡೆಯ ಕೊನೆಯ ಹೊಲಗಳಿಗೆ ಮುಟ್ಟುವುದಿಲ್ಲ. ಅದನ್ನು ಕೇಳಬೇಕಾದ ದೊಡ್ಡ ಸಾಹೇಬರು ಕೂಡುವುದು ಲಿಂಗಸುಗೂರಿನಲ್ಲಿ. ಹಸಿರು ಶಾಲು ಹೊದ್ದವನೊಬ್ಬ, ಹಬ್ಬದ ದಿನ ಹೋಳಿಗೆ ಬಿಟ್ಟು, ಇಂಥ ಥಂಡಿಯಲ್ಲಿ ಸೈಕಲ್ ಹತ್ತಿ ಲಿಂಗಸುಗೂರಿಗೆ ಹೊರಟಿದ್ದಾನೆ ಎಂದರೆ, ನಮ್ಮ ಸೀಮೆಯಲ್ಲಿ ಅದಕ್ಕೆ ಎರಡು ಅರ್ಥ ಇಲ್ಲ.

ಹಿರಿಯರು ಗಂಟಲು ಸರಿಮಾಡಿಕೊಂಡು, ನಮ್ಮ ನೀರು ಕೆಳಗಿನವರಿಗೆ ಒಯ್ಯಲು ಹೊರಟಿರೇನು ಎಂದು ಕೇಳಿದರು. ನೀರಿನ ಮಾತು ಯಾಕೆ ಬಂತೆಂದು ನನಗೆ ತಿಳಿಯಲಿಲ್ಲ. ಆದರೂ ಕೇಳಿದ್ದಕ್ಕೆ ಉತ್ತರ ಕೊಡಬೇಕಲ್ಲ. ಇಷ್ಟು ವರ್ಷ ಹಾಸ್ಟೆಲಿನಲ್ಲಿ ಬಡಿಸಿದವನಿಗೆ ಹೊಳೆಯುವ ಉತ್ತರವೂ ಒಂದೇ.

"ಮೊದಲ್ನೇ ಸಾಲಿನವ್ರು ತೇಗೋ ತನಕ ಉಂಡು ಕೊನಿ ಸಾಲಿನವ್ರಿಗೆ ಖಾಲಿ ಪಾತೇಲಿ ತೋರಿಸಿದ್ರ ಹೆಂಗ್ರಿ ಯಜಮಾನ್ರ? ಕೊನಿ ಸಾಲಿಗೂ ಮುಟ್ಟಬೇಕು."

ಒಬ್ಬ ಫೋನು ಹಿಡಿದು ನಿಂತಿದ್ದನ್ನು ನೋಡಿದೆ. ಟೈಮು ನೋಡುತ್ತಿದ್ದಾನೆ ಎಂದುಕೊಂಡೆ. ಹಿರಿಯರು ಮುಖ ತಿರುಗಿಸಿ, ಇವನಿಗೆ ಅರ್ಧ ಚಹಾ ಕೊಡು ಎಂದರು. ಸುರೇಖಾ ನನ್ನ ತೋಳು ಹಿಡಿದು ಎಳೆದುಕೊಂಡು ಬಂದು, ಶಾಲು ತೆಗೆದು ಚೀಲಕ್ಕೆ ಹಾಕು ಎಂದಳು. ಥಂಡಿ ಎಂದೆ. ನಿನಗೆ ಬೆವರು ಇಳಿಯುತ್ತಿದೆ ಎಂದಳು. ಅದು ಥಂಡಿ ಬೆವರು ಎಂದೆ.

ನಮ್ಮ ಸೈಕಲ್ಲಿಗಿಂತ ಫೋನು ಜೋರು. ಗದ್ದೆ ಮುಗಿದು ಕರಿನೆಲ ಶುರುವಾಗುವಷ್ಟರಲ್ಲಿ ನನ್ನ ಪಾತೇಲಿಯ ಮಾತು ಮಸ್ಕಿ ಮುಟ್ಟಿ, ಅಲ್ಲಿಂದ ಊರೂರು ತಿರುಗಿ, ಮರಳಿ ನನ್ನ ಎದುರಿಗೇ ಬಂತು. ಒಂದು ಜೋಳದ ಹೊಲದ ಬದುವಿನಲ್ಲಿ ಚರಗ ಚೆಲ್ಲುತ್ತಿದ್ದ ಮನೆಮಂದಿಯೆಲ್ಲ ರಸ್ತೆಗೆ ಓಡಿಬಂದು ಅಡ್ಡ ನಿಂತರು. ಅಜ್ಜಿಯೊಬ್ಬಳು ಸಜ್ಜಿ ರೊಟ್ಟಿಯಲ್ಲಿ ಎಣ್ಣೆಗಾಯಿ ಸುತ್ತಿ ನನ್ನ ಬಾಯಿಗೇ ಇಟ್ಟಳು. ಬಾಯಿ ತುಂಬ ಬದನೆಕಾಯಿ ಇದ್ದಾಗ ನಾನು ನಾಯಕನಲ್ಲ ಎಂದು ಹೇಳಲು ಬರುವುದಿಲ್ಲ. ಪ್ರಯತ್ನ ಮಾಡಿದೆ. ದುಃಖದಿಂದ ಗಂಟಲು ಕಟ್ಟಿದೆ ಎಂದು ತಿಳಿದು ಅಜ್ಜಿಯೂ ಕಣ್ಣೊರೆಸಿಕೊಂಡಳು.

ಮುಂದಿನ ಊರಿನಲ್ಲಿ ಚೆಂಡುಹೂವಿನ ಹಾರ. ಅದರ ಮುಂದಿನ ಊರಿನಲ್ಲಿ ಎರಡು ಮೋಟಾರುಬೈಕು ಹಿಂದೆ ಬಿದ್ದವು. ಆಮೇಲೆ ಒಂದು ಟ್ರ್ಯಾಕ್ಟರು, ಅದರ ತುಂಬ ಮಂದಿ, ಮಂದಿಯ ಮಡಿಲ ತುಂಬ ಹಬ್ಬದ ಬುತ್ತಿ. ಸೈಕಲ್ ಇದ್ದವರು ಸೈಕಲ್ ಹತ್ತಿದರು. ನಾನು ಜೋರು ತುಳಿದರೆ ಅವರೂ ಜೋರು ತುಳಿಯುವರು. ನಾನು ಸೋತು ನಿಧಾನಿಸಿದರೆ, ನಾಯಕರು ಹಿಂದಿನವರಿಗೆ ಕಾಯುತ್ತಿದ್ದಾರೆ ಎಂದು ಹೊಗಳುವರು. ಸರಪಳಿ ಕಳಚಿತೆಂದು ಇಳಿದೆ. ರಸ್ತೆ ತಡೆ ಎಂದು ತಿಳಿದು ಎಲ್ಲರೂ ಇಳಿದು ಡಾಂಬರಿನ ಮೇಲೆ ಕುಳಿತರು. ಲಿಂಗಸುಗೂರಿನ ಬಸ್ಸೊಂದು ಬಂದು ನಿಂತಿತು. ಡ್ರೈವರನು ಕೆಳಗಿಳಿದು ಕೈ ಮುಗಿದು, ಅಣ್ಣಾರ ಎಷ್ಟೊತ್ತು ಆಗಬಹುದು ಎಂದು ಕೇಳಿದ. ಸರಪಳಿ ಕೂಡುವವರೆಗೆ ಎಂದೆ. ಬೇಡಿಕೆ ಈಡೇರುವವರೆಗೆ ಎಂದು ಹಿಂದಿನವರಿಗೆ ತಿಳಿಸಲಾಯಿತು.

ಸತ್ಯ ಹೇಳಬೇಕೆಂದರೆ ಒಳಗೊಳಗೆ ನನಗೆ ಹಿಗ್ಗು. ಹಾಸ್ಟೆಲಿನಲ್ಲಿ ಉಪ್ಪು ಹೆಚ್ಚಾದಾಗ ಬಿಟ್ಟರೆ ಯಾರೂ ನನ್ನ ಹೆಸರು ಕೂಗಿದವರಲ್ಲ. ಸುರೇಖಾಳ ಮುಖ ಮಾತ್ರ ಸಣ್ಣದಾಗುತ್ತ ಬಂತು. ಪಕ್ಕಕ್ಕೆ ಸೈಕಲ್ ತಂದು ಮೆಲ್ಲಗೆ ಹೇಳಿದಳು, ಪರವಾನಗಿ ಇಲ್ಲದ ಮೆರವಣಿಗೆಗೆ ಕೇಸು ಆಗುತ್ತದೆ, ಮುಂದೆ ಇದ್ದವರ ಹೆಸರು ಮೊದಲು ಬರೆಯುತ್ತಾರೆ, ಮುಂದೆ ಇರುವುದು ನಾವಿಬ್ಬರೇ. ಆ ಥಂಡಿಯಲ್ಲಿ ನನಗೆ ನಿಜವಾದ ಥಂಡಿ ಹತ್ತಿದ್ದು ಆವಾಗ. ಶಾಲು ತೆಗೆದು ಚೀಲಕ್ಕೆ ತುರುಕಿದೆ. ಹಿಂದಿನವರು ಅದನ್ನು ನೋಡಿ, ನಾಯಕರ ಶಾಲು ಹಳೆಯದಾಗಿದೆಯೆಂದು ಹೊಸದೊಂದು ಹೊದಿಸಿದರು. ಇದು ಮೊದಲಿನದಕ್ಕಿಂತ ದೊಡ್ಡದು.

ಮಸ್ಕಿಯ ಬಸ್‌ಸ್ಟ್ಯಾಂಡಿನ ಮುಂದೆ ಮೈಕು ಸಿದ್ಧವಾಗಿತ್ತು. ಅಲ್ಲಿನ ರೈತರ ಮುಖಂಡ ಗಿಡ್ಡಪ್ಪ ಎಂಬವರು, ಹೆಸರಿಗೆ ವಿರುದ್ಧವಾಗಿ ಆರಡಿ ಎತ್ತರದವರು, ನನ್ನನ್ನು ಸೈಕಲ್ ಸಮೇತ ತಬ್ಬಿಕೊಂಡರು. ನಾವು ವರ್ಷಗಟ್ಟಲೆ ಮನವಿ ಕೊಟ್ಟೆವು, ನೀವು ಒಂದೇ ಬೆಳಗಿನಲ್ಲಿ ಇಷ್ಟು ಮಂದಿ ಕೂಡಿಸಿದಿರಿ ಎಂದರು. ಅವರ ಕಿವಿಯಲ್ಲಿ ನಿಜ ಹೇಳಿದೆ: ನಾನು ನಾಯಕನಲ್ಲ, ತಂಗಿಯ ಹೊಲಕ್ಕೆ ಊಟಕ್ಕೆ ಹೊರಟವನು. ಗಿಡ್ಡಪ್ಪನವರು ಕಣ್ಣು ಮಿಟುಕಿಸಿದರು. ಪೊಲೀಸರ ಮುಂದೆಯೂ ಹೀಗೇ ಹೇಳ್ರಿ, ಛಲೋ ಐತಿ, ಎಂದು ಮೈಕು ಕೈಗೆ ಕೊಟ್ಟರು.

ಮೈಕು ಹಿಡಿದೆ. ಎದುರಿಗೆ ತಲೆಗಳೋ ತಲೆಗಳು.

"ನೋಡ್ರಿ, ನಾ ಭಾಷಣ ಮಾಡಾವ ಅಲ್ಲ. ನಾ ಅನ್ನ ಮಾಡಾವ."

ಚಪ್ಪಾಳೆ ಬಿದ್ದ ಜೋರಿಗೆ ಬಸ್‌ಸ್ಟ್ಯಾಂಡಿನ ಪಾರಿವಾಳ ಹಾರಿದವು. ತಪ್ಪು ತಿದ್ದಬೇಕೆಂದು ಮುಂದುವರಿಸಿದೆ. ನಾನು ಕಲಿತದ್ದು ಬಡಿಸುವುದೊಂದೇ, ಸಾಂಬಾರಿನೊಳಗಿನ ಬೇಳೆಯೆಲ್ಲ ಮೊದಲನೇ ಸಾಲಿಗೆ ಹೋಗುತ್ತದೆ, ಕೊನೆಯ ಸಾಲಿನ ಹುಡುಗರಿಗೆ ಬರೀ ನೀರು ಬರುತ್ತದೆ ಎಂದೆ. ಹಿಂದಿನಿಂದ ಒಬ್ಬ ಕೂಗಿದ, ನಮಗ ಅದೂ ಬಂದಿಲ್ರಿ. ಮಂದಿ ಎದ್ದು ನಿಂತಿತು. ಅದಕ್ಕೇ ಸೌಟು ಹಿಡಿದವನು ಕೊನೆಯ ಸಾಲಿನಿಂದ ಬಡಿಸುತ್ತ ಬರಬೇಕು ಎಂದು ನಾನು ಹಾಸ್ಟೆಲಿನ ಪದ್ಧತಿ ಹೇಳಿದ್ದೇ ತಡ, ಗಿಡ್ಡಪ್ಪನವರು ಮೈಕು ಕಸಿದುಕೊಂಡು, ಕೇಳಿದಿರಾ, ಕಾಲುವೆ ಕೊನೆಯಿಂದ ನೀರು ಕೊಡಬೇಕಂತೆ, ಇದೇ ನಮ್ಮ ಬೇಡಿಕೆ, ನಾಯಕರ ಹಿಂದೆ ಲಿಂಗಸುಗೂರಿಗೆ ಹೋಗೋಣ ಎಂದು ಸಾರಿಬಿಟ್ಟರು. ಟ್ರ್ಯಾಕ್ಟರುಗಳು ಗುರ್ ಎಂದವು.

ಆಗ ಜೀಪು ಬಂತು.

ಇಳಿದವರು ಪಿಎಸ್ಐ ಸಾಹೇಬರು. ಚಿಕ್ಕ ವಯಸ್ಸು, ಮೆಲ್ಲನೆ ಮಾತು. ಮೆಲ್ಲನೆ ಮಾತಾಡುವ ಪೊಲೀಸರೆಂದರೆ ನನಗೆ ಮೊದಲಿನಿಂದಲೂ ಹೆದರಿಕೆ. ನನ್ನ ಹೆಸರು ಕೇಳಿಕೊಂಡು, ಪರವಾನಗಿ ಎಲ್ಲಿ ಎಂದರು. ಇಲ್ಲ ಎಂದೆ. ಮುಂಚೂಣಿಯಲ್ಲಿ ಸೈಕಲ್ ಮೇಲೆ ಬಂದವರು ಯಾರ್ಯಾರು ಎಂದರು. ಮಂದಿಯೆಲ್ಲ ಉತ್ಸಾಹದಿಂದ ನನ್ನ ಕಡೆಗೂ ಸುರೇಖಾಳ ಕಡೆಗೂ ಬೆರಳು ತೋರಿಸಿದರು. ಸಾಹೇಬರ ದೃಷ್ಟಿ ಅವಳ ಕಡೆ ತಿರುಗಿತು. ಅವಳು ಸೈಕಲ್ ಬಿಟ್ಟು ಕಾಲು ಜೋಡಿಸಿ ಕಟ್ಟಿಗೆಯಂತೆ ನಿಂತಳು. ಕೈ ಹಣೆಯವರೆಗೆ ಹೋಗಿ ಕೂದಲು ಸರಿಮಾಡಿಕೊಂಡು ಇಳಿಯಿತು.

"ಈ ಹುಡುಗಿ ಯಾರ್ರೀ? ನಿಮ್ಮ ಕೂಡ ಬಂದಾಳೇನು?"

"ಗೊತ್ತಿಲ್ರಿ ಸಾಹೇಬ್ರ. ದಾರಿಯಾಗ ಸಿಕ್ಕಳು."

ಸುರೇಖಾ ನನ್ನನ್ನು ನೋಡಿದಳು. 'ಯಪ್ಪಾ' ಎನ್ನಲು ಬಾಯಿ ತೆರೆದಳು. ನಾನು ಜೋರಾಗಿ ಕೆಮ್ಮಿದೆ, ಮತ್ತೆ ಕೆಮ್ಮಿದೆ, ಗಿಡ್ಡಪ್ಪನವರು ನೀರು ತರಿಸುವವರೆಗೂ ಕೆಮ್ಮಿದೆ. ನಮ್ಮ ಕಡೆ ಪರಊರಿನ ಗಂಡಸರನ್ನು ಹೆಣ್ಣುಮಕ್ಕಳು ಕರೆಯುವ ರೀತಿ ಒಂದಿದೆ. ಅವಳು ಅದನ್ನೇ ಬಳಸಿದಳು.

"ಬರ್ತೀನ್ರಿ ಕಾಕಾ. ನೀವೂ ಜ್ವಾಕಿ."

ಸೈಕಲ್ ಹತ್ತಿ ಲಿಂಗಸುಗೂರಿನ ಕಡೆ ಹೋದಳು. ನಾನು ಈ ತನಕ ಎಷ್ಟೋ ಸಲ ಕೈ ಸುಟ್ಟುಕೊಂಡಿದ್ದೇನೆ. ಇಷ್ಟು ಉರಿದಿರಲಿಲ್ಲ.

ದೊಡ್ಡ ಸಾಹೇಬರು ಲಿಂಗಸುಗೂರಿನಲ್ಲಿದ್ದಾರೆ, ಬೇಡಿಕೆಯನ್ನು ನೀವೊಬ್ಬರೇ ಬಂದು ಹೇಳಿ, ಮಂದಿ ಇಲ್ಲೇ ಇರಲಿ, ಕೇಸು ಬೇಡ ಎಂದರು ಪಿಎಸ್ಐ. ಗಿಡ್ಡಪ್ಪನವರು ಒಪ್ಪಿದರು. ನನ್ನನ್ನು ಯಾರೂ ಕೇಳಲಿಲ್ಲ. ನನ್ನ ಸೈಕಲ್ಲನ್ನು ಜೀಪಿನ ಹಿಂದೆ ಹಗ್ಗದಿಂದ ಬಿಗಿದರು. ಜೈಕಾರದ ನಡುವೆ ನನ್ನನ್ನು ಒಳಗೆ ಕೂರಿಸಿದರು. ಹಿಂದೆ ಬುತ್ತಿಗಳು ಬಿಚ್ಚಿಕೊಂಡವು, ಊರಿಗೆ ಊರೇ ಬಸ್‌ಸ್ಟ್ಯಾಂಡಿನಲ್ಲಿ ಹಬ್ಬದ ಊಟಕ್ಕೆ ಕುಳಿತಿತು.

ಊರು ದಾಟಿದ ಮೇಲೆ ಸಾಹೇಬರು ನನ್ನ ಕಡೆ ಹೊರಳಿದರು.

"ಅಂಬಪ್ಪನವರ, ದಾರಿಯಾಗ ಸಿಕ್ಕ ಹುಡುಗಿ ನನ್ನ ನೋಡಿ ಅಟೆನ್ಷನ್ ನಿಲ್ತಾಳೇನ್ರಿ?"

ನಾನು ಹಿಂತಿರುಗಿ, ಸೈಕಲ್ಲಿನ ಹಗ್ಗ ಗಟ್ಟಿ ಇದೆಯೇ ಎಂದು ನೋಡಿದೆ.

"ಟ್ರೇನಿಂಗ್ ಯಾವಾಗ ಆಕಿದು?"

"ಯಾರದ್ರಿ?"

"ಆತು ಬಿಡ್ರಿ."

ಅಷ್ಟಕ್ಕೇ ನನ್ನ ಗಟ್ಟಿತನ ಮುಗಿಯಿತು. ಸೋಮವಾರ ಎಂದೆ. ಸೈಕಲ್ಲಿನಿಂದ ಬಿದ್ದ ಮೊಣಕಾಲಿನಿಂದ ಹಿಡಿದು ಎಲ್ಲ ಹೇಳಿದೆ. ಇನ್ನು ಅರ್ಧ ದಾರಿ ಉಳಿದಿದೆ, ಇಲ್ಲೇ ಇಳಿಸಿರಿ, ಅವಳನ್ನು ಕೂಡಿಕೊಳ್ಳುತ್ತೇನೆ ಎಂದು ಕೈ ಮುಗಿದೆ. ಡ್ರೈವರನು ತಾನಾಗಿ ಜೀಪಿನ ವೇಗ ತಗ್ಗಿಸಿದ. ಸಾಹೇಬರು ಕನ್ನಡಿಯಲ್ಲಿ ಹಿಂದೆ ನೋಡಿದರು. ದೂರದಲ್ಲಿ ಎರಡು ಮೋಟಾರುಬೈಕು ಹಸಿರು ಬಾವುಟ ಹಿಡಿದು ಬರುತ್ತಿದ್ದವು.

"ಇಲ್ಲಿ ನಿಮ್ಮನ್ನ ಇಳಿಸಿದ್ರ ಮತ್ತ ಮಂದಿ ಕೂಡ್ತೈತಿ. ಮಂದಿ ಕೂಡಿದ್ರ ನಾ ಹೆಸರು ಬರೀಬೇಕು. ನಿಮ್ಮ ಬಾಜೂಕ ಆಕಿ ಇರ್ತಾಳ. ನೀವ ಹೇಳ್ರಿ, ಇಳೀತೀರೋ ಕುಂದರ್ತೀರೋ?"

ಸಂತೆಕಲ್ಲೂರಿನ ಕಡೆಯ ಏರಿನಲ್ಲಿ ಅವಳು ಕಂಡಳು. ಎರಡೂ ಕಡೆ ಕಡಲೆ ಹೊಲ, ನಡುವೆ ಉದ್ದಾನುದ್ದ ರಸ್ತೆ, ರಸ್ತೆಯಲ್ಲಿ ಅವಳೊಬ್ಬಳೇ. ಸೀಟಿನಿಂದ ಎದ್ದು ನಿಂತು ತುಳಿಯುತ್ತಿದ್ದಳು. ಎದುರುಗಾಳಿಗೆ ಓಢಣಿ ಹಿಂದೆ ಹಾರುತ್ತಿತ್ತು. ಜೀಪು ಹತ್ತಿರವಾದಂತೆ ಅವಳು ಒಮ್ಮೆ ಹಿಂತಿರುಗಿ ನೋಡಿ, ಸೈಕಲ್ಲನ್ನು ಪಕ್ಕಕ್ಕೆ ತೆಗೆದುಕೊಂಡು ದಾರಿ ಬಿಟ್ಟಳು.

ನಾನು ಕುಳಿತೇ ಇದ್ದೆ.

ಲಿಂಗಸುಗೂರಿನಲ್ಲಿ ದೊಡ್ಡ ಸಾಹೇಬರ ಮೀಟಿಂಗು ಮುಗಿಯುವವರೆಗೆ ಬೆಂಚಿನ ಮೇಲೆ ಕಾಯಿಸಿದರು. ಒಳಗೆ ಕರೆದಾಗ ಪಾತೇಲಿ, ಸೌಟು, ಕೊನೆಯ ಸಾಲು ಎಲ್ಲ ಮತ್ತೊಮ್ಮೆ ಹೇಳಿದೆ. ಅವರು ನಗಲಿಲ್ಲ. ಗಿಡ್ಡಪ್ಪನವರನ್ನು ನಾಳೆಯೇ ಮಾತಿಗೆ ಕರೆಯಿರಿ ಎಂದು ಪಕ್ಕದವರಿಗೆ ಹೇಳಿ, ನನಗೆ ಚಹಾ ತರಿಸಿದರು. ಪೂರ್ತಿ ಚಹಾ.

ಹೊರಬಂದು ಸೈಕಲ್ ಬಿಚ್ಚಿಕೊಂಡು ತಂಗಿಯ ಹೊಲ ಮುಟ್ಟಿದಾಗ ಬನ್ನಿಗಿಡದ ಕೆಳಗೆ ಕಂಬಳಿ ಹಾಸಿ ಎಲ್ಲರೂ ಉಣ್ಣುತ್ತಿದ್ದರು. ಸುರೇಖಾ ನನಗಿಂತ ಮೊದಲೇ ಬಂದಿದ್ದಳು. ಮುಖ ಧೂಳು, ಕಾಲು ಚಾಚಿ ಕುಳಿತು ಕಡುಬು ಮುರಿಯುತ್ತಿದ್ದಳು. ನನ್ನನ್ನು ಕಂಡು ಏಳಲಿಲ್ಲ. ಕಂಬಳಿಯ ಮೇಲೆ ಒಂದಿಷ್ಟು ಜರುಗಿ ಜಾಗ ಮಾಡಿದಳು, ಅಷ್ಟೆ. ಕುಳಿತೆ. ತನ್ನ ತಾಟಿನ ಕಡುಬೊಂದನ್ನು ನನ್ನ ಕೈಯಲ್ಲಿಟ್ಟಳು.

ಆದಮ್ಮ ಸೊಂಟದ ಮೇಲೆ ಕೈಯಿಟ್ಟು ನಮ್ಮಿಬ್ಬರನ್ನೂ, ಎರಡೂ ಸೈಕಲ್ಲನ್ನೂ ನೋಡಿದಳು. ಅಂತೂ ಅಪ್ಪ ಮಗಳು ಸೈಕಲ್ ಮ್ಯಾಲ ಬಂದ್ರಲ್ಲ ಎಂದು ಹುಬ್ಬೇರಿಸಿದಳು. ಯಾರು ಉತ್ತರ ಕೊಡುತ್ತಾರೋ ಎಂದು ನಾನು ಕಡುಬು ನೋಡುತ್ತ ಕುಳಿತೆ.

"ನಾ ಬಂದೆ ಅತ್ತಿ," ಎಂದಳು ಸುರೇಖಾ. "ಅಪ್ಪ ಜೀಪಿನಾಗ ಬಂದ."

ಸೋಮವಾರ ಅವಳು ಕಲಬುರಗಿಯ ಬಸ್ಸು ಹತ್ತಿದಳು. ಅವಳ ಹೆಸರಿನ ಮೇಲೆ ಯಾವ ಠಾಣೆಯಲ್ಲೂ ಯಾವ ಕೇಸೂ ಇಲ್ಲ. ಮಗಳ ಜೊತೆ ಸೈಕಲ್ ಮೇಲೆ ಲಿಂಗಸುಗೂರಿಗೆ ಹೋಗುತ್ತೇನೆ ಎಂದು ಹೇಳಿದ್ದೆ. ಹೋಗಲಿಲ್ಲ.